ಹೆಸರಿಲ್ಲದ ಬಟನ್‌ಗಳು

ನಮ್ಮ ಆಸ್ಪತ್ರೆಗೆ ಯಾರೇ ಫೋನ್ ಮಾಡಿದರೂ ಮೊದಲು ಕೇಳುವುದು ನನ್ನ ದನಿ. ನೆಲಮಹಡಿಯಲ್ಲಿ ಲಿಫ್ಟಿನ ಪಕ್ಕದ ಪುಟ್ಟ ಕೋಣೆ, ತಲೆಗೆ ಹೆಡ್‌ಫೋನ್, ಬೆರಳ ಕೆಳಗೆ ಕೀಬೋರ್ಡು. ಯಾವ ಡಾಕ್ಟರು ಯಾವತ್ತು ಸಿಗುತ್ತಾರೆಂದು ನೋಡಿ ಸಮಯ ಗೊತ್ತುಮಾಡಿಕೊಡುವುದು ನನ್ನ ಕೆಲಸ. ನೋಡಿ ಎಂದೆನಲ್ಲ, ಅದು ಬರೀ ಮಾತಿಗೆ. ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್ ಎಡಗಿವಿಯಲ್ಲಿ ಗುನುಗುತ್ತಿರುತ್ತದೆ, ಬಲಗಿವಿಯಲ್ಲಿ ರೋಗಿಗಳು ಗೋಳಾಡುತ್ತಿರುತ್ತಾರೆ. ಇದೇನು ಮಹಾ ಕೆಲಸ ಎನ್ನುವವರು ಒಂದು ಸೋಮವಾರ ಬೆಳಿಗ್ಗೆ ಬಂದು ನನ್ನ ಕುರ್ಚಿಯಲ್ಲಿ ಕೂರಲಿ.

ಈ ಕೆಲಸಕ್ಕೆ ನಾವೆಲ್ಲ ಬಳಸುತ್ತಿದ್ದುದು ಒಂದು ಹಳೇ ಬ್ರೌಸರ್. ಅದಕ್ಕೆ ಆಸ್ಪತ್ರೆಯಲ್ಲಿ ‘ತಾತ’ ಅಂತಲೇ ಹೆಸರು. ತೆರೆಯುವಾಗ ತಾತ ತಿಣುಕುತ್ತಿದ್ದ, ನಡುನಡುವೆ ನಿದ್ದೆ ಹೋಗುತ್ತಿದ್ದ. ಆದರೂ ಬಿಡಲು ಯಾರಿಗೂ ಮನಸ್ಸಿಲ್ಲ. ಬಿಲ್ಲಿನ ಕೌಂಟರಿನ ಅಣ್ಣನಿಗೆ ಅವನ ಬಣ್ಣವೇ ಕಣ್ಣಿಗೆ ತಂಪು. ಔಷಧಿ ಕೌಂಟರಿನವಳಿಗೆ ಪಾಸ್‌ವರ್ಡ್ ತಾನಾಗಿಯೇ ಬಂದು ಕೂರುತ್ತದೆಂಬ ನೆಮ್ಮದಿ. ನನ್ನ ಕಾರಣ ಬೇರೆ. ತಾತ ನನ್ನ ಜೊತೆ ಮಾತಾಡುತ್ತಿದ್ದ. ‘ಹೊಸ ರೋಗಿ’, ‘ಸಮಯ ಬದಲಿಸಿ’, ‘ರದ್ದು ಮಾಡಿ’ ಎಂದು ನಮ್ಮ ಬುಕಿಂಗ್ ಪುಟದ ಮೇಲಿನ ಒಂದೊಂದು ಬಟನ್ನಿನ ಹೆಸರನ್ನೂ ಹೇಳುತ್ತಿದ್ದ.

ಹೀಗಿರುವಾಗ ತಾತನಲ್ಲಿ ಒಂದು ದೊಡ್ಡ ತೂತು ಸಿಕ್ಕಿದೆ ಎಂಬ ಸುದ್ದಿ ಬಂತು. ಸುದ್ದಿ ತಂದವನು ಕಂಪ್ಯೂಟರ್ ವಿಭಾಗದ ಹುಡುಗ. ಸೊಂಟದಲ್ಲಿ ಕೀಲಿಗಳನ್ನು ಜಣಜಣ ಅನ್ನಿಸುತ್ತಾ ಓಡಾಡುವುದರಿಂದ ನಾನವನಿಗೆ ಇಟ್ಟ ಹೆಸರು ಗೊಂಚಲು. “ಅಕ್ಕಾ, ತಾತನಲ್ಲಿ ಒಂದು ಕಡೆ ಕೆಟ್ಟ ಪುಟ ತೆರೆದ್ರೆ ಸಾಕು, ಪಕ್ಕದಲ್ಲಿ ತೆರೆದಿರೋ ನಮ್ಮ ಪುಟವನ್ನೂ ಅದು ಕದ್ದು ಓದ್ಬಿಡುತ್ತೆ. ಮಾಡಿದ ಕಂಪನಿಯವರೇ ಇನ್ನು ರಿಪೇರಿ ಮಾಡಲ್ಲ ಅಂತ ಕೈ ತೊಳ್ಕೊಂಡಿದ್ದಾರೆ. ಎಲ್ರೂ ಹೊಸ ಬ್ರೌಸರಿಗೆ ಹೋಗ್ಲೇಬೇಕು.”

ಸರಿ, ನೋಡೋಣವೆಂದು ಹೊಸದರಲ್ಲಿ ನಮ್ಮ ಪುಟ ತೆರೆದೆ. ಎಡಗಿವಿಯಲ್ಲಿ ಕೇಳಿದ್ದು ಇಷ್ಟು: “ಬಟನ್. ಬಟನ್. ಬಟನ್. ಬಟನ್.” ಯಾವುದಕ್ಕೂ ಹೆಸರಿಲ್ಲ. ಯಾವುದನ್ನು ಒತ್ತಿದರೆ ಹೊಸ ರೋಗಿ, ಯಾವುದನ್ನು ಒತ್ತಿದರೆ ಇದ್ದ ರೋಗಿಯೂ ಮಾಯ ಎಂದು ಬಲ್ಲವರಾರು? ನಮ್ಮ ಪುಟ ಕಟ್ಟಿದ ಕಂಪನಿಯವರು ಆ ಹೆಸರುಗಳನ್ನು ತಾತನಿಗೆ ಮಾತ್ರ ತಿಳಿಯುವ ಹಾಗೆ ಬರೆದಿದ್ದರಂತೆ. ಸರಿಪಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದಂತೆ.

ಮೇಲಿನ ಮಹಡಿಯಿಂದ ವ್ಯವಸ್ಥಾಪಕರು ಇಳಿದು ಬಂದರು. ಮಾತಿಗೆ ಮುಂಚೆ ಕೆಮ್ಮುವುದು ಅವರ ಪದ್ಧತಿ. ಕೆಮ್ಮಿದರು. “ನೀವೇನೂ ತಲೆ ಕೆಡಿಸ್ಕೋಬೇಡಿ. ಅಲ್ಲಿವರೆಗೆ ಮುಂದಿನ ಹಾಲಲ್ಲಿ ಒಂದು ಕುರ್ಚಿ ಹಾಕಿಸ್ತೀನಿ. ಬಂದವರಿಗೆ ನಮಸ್ಕಾರ ಅಂದ್ರೆ ಸಾಕು. ಸಂಬಳಕ್ಕೇನೂ ತೊಂದರೆ ಇಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. “ನಮಸ್ಕಾರ ಹೇಳೋಕೆ ಒಂದು ಬೊಂಬೆ ಇಡಿ ಸರ್. ಅದಕ್ಕೆ ಸಂಬಳವೂ ಬೇಡ” ಎಂದೆ. ಈ ಕುರ್ಚಿಗಾಗಿ ನಾನು ಯಾರ ಶಿಫಾರಸನ್ನೂ ಹಿಡಿದವಳಲ್ಲ. ಒಮ್ಮೆ ಹಾಲಿನಲ್ಲಿ ಕೂತರೆ ಮತ್ತೆ ಈ ಕೋಣೆಗೆ ಕರೆಯುವವರಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮೂಲೆಗುಂಪು ಮಾಡುವವರು ಯಾವಾಗಲೂ ಮೆತ್ತಗಿನ ಕುರ್ಚಿಯನ್ನೇ ಕೊಡುತ್ತಾರೆ.

ತಾತನನ್ನು ಬಿಡುವುದಿಲ್ಲವೆಂದು ನಾನು ಪಟ್ಟು ಹಿಡಿದೆ. ಕೌಂಟರಿನವರೆಲ್ಲ ನನ್ನ ಬೆನ್ನಿಗೆ ನಿಂತರು. “ತಾತ ಇಲ್ದೆ ಬಿಲ್ಲೇ ಮಾಡಲ್ಲ” ಎಂದು ಬಿಲ್ಲಿನ ಅಣ್ಣ ಗುಡುಗಿದ. ಊಟದ ಹೊತ್ತಿನಲ್ಲಿ ನಮ್ಮದು ಒಂದು ಸಣ್ಣ ದಂಡೇ ಆಯಿತು. ನನಗೂ ಹಿಗ್ಗು.

ಆ ಹಿಗ್ಗು ಇಳಿದದ್ದು ಗೊಂಚಲಿನ ಕಿತಾಪತಿಯಿಂದ. ಅವನು ಎಲ್ಲರ ಕಂಪ್ಯೂಟರಿನಲ್ಲೂ ತಾತನನ್ನು ಕಿತ್ತುಹಾಕಿ, ಹೊಸ ಬ್ರೌಸರಿಗೆ ತಾತನ ಚಿತ್ರ, ತಾತನ ಹೆಸರು ಅಂಟಿಸಿಬಿಟ್ಟ. ಕಣ್ಣಿದ್ದವರ ಕಣ್ಣಿಗೆ ಮಣ್ಣೆರಚಿದ. ಯಾರಿಗೂ ಗೊತ್ತಾಗಲಿಲ್ಲ! “ನೋಡಿದ್ಯಾ, ನಮ್ಮ ತಾತನಿಗೆ ಈಗ ಪ್ರಾಯ ಬಂದ ಹಾಗಿದೆ, ಎಷ್ಟು ಚುರುಕು” ಎಂದು ಔಷಧಿಯವಳು ಬಂದು ಹೊಗಳಿದಳು. ನನಗೆ ಅನುಮಾನ ಬಂತು. ಅವಳ ಕೌಂಟರಿಗೆ ಹೋಗಿ ಓದುವ ದನಿ ಹಾಕಿಸಿ ಕೇಳಿದೆ. ಬಟನ್, ಬಟನ್, ಬಟನ್.

“ಇದು ತಾತ ಅಲ್ಲ ಕಣ್ರೀ, ನಿಮ್ಮನ್ನ ಮಂಗ ಮಾಡಿದಾನೆ” ಎಂದು ಎಲ್ಲರಿಗೂ ಕೂಗಿ ಹೇಳಿದೆ. “ಹೋಗ್ಲಿ ಬಿಡಮ್ಮ, ಚೆನ್ನಾಗೇ ಇದೆಯಲ್ಲ” ಎಂದ ಬಿಲ್ಲಿನ ಅಣ್ಣ. ದಂಡು ಕರಗಿತು. ಅವರಿಗೆ ಬೇಕಾಗಿದ್ದುದು ಚಿತ್ರ. ನಾನು ಒಂಟಿಯಾದೆ.

ನನ್ನ ಕೋಣೆಗೆ ಬಂದು ಕೀಬೋರ್ಡಿನ ಕೀಲಿ ಒತ್ತಿದರೆ, ಆಶ್ಚರ್ಯ, “ಹೊಸ ರೋಗಿ” ಎಂದ ತಾತ. ಬಾಗಿಲಲ್ಲಿ ಗೊಂಚಲಿನ ಪಿಸುದನಿ: “ಅಕ್ಕಾ, ನಿಮ್ದು ಮಾತ್ರ ಮುಟ್ಟಿಲ್ಲ. ಪಾಪ ಅನ್ನಿಸ್ತು. ಯಾರಿಗೂ ಹೇಳ್ಬೇಡಿ.” ಪಾಪ ಎಂಬ ಮಾತು ನನಗೆ ಆಗುವುದಿಲ್ಲ. ಆದರೆ ಫೋನ್ ಹೊಡೆದುಕೊಳ್ಳುತ್ತಿತ್ತು, ತಾತ ಮಾತಾಡುತ್ತಿದ್ದ, ಎತ್ತಿಕೊಂಡೆ.

ಕೆಲವು ವಾರ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೊಂದು ಬೆಳಿಗ್ಗೆ ನಿವೃತ್ತ ಶಾಲಾ ಟೀಚರೊಬ್ಬರ ಕರೆ ಬಂತು. ಮಂಡಿನೋವಿಗೆ ನಮ್ಮಲ್ಲಿ ತೋರಿಸಿಕೊಳ್ಳುವವರು. “ಏನಮ್ಮಾ, ನಿಮ್ಮ ಆಸ್ಪತ್ರೆಯಿಂದ ಅಂತ ಯಾರೋ ಮಾತಾಡಿದ. ಗುರುವಾರ ಮೂಳೆ ಡಾಕ್ಟರ ಹತ್ರ ನನ್ನ ಸರದಿ ಇದೆ ಅನ್ನೋದೂ ಅವನಿಗೆ ಗೊತ್ತು. ಮೊಬೈಲಿಗೆ ಬಂದಿರೋ ಕೋಡ್ ಹೇಳಿ ಅಂದ. ಮೊದಲು ಹತ್ತೊಂಬತ್ತರ ಮಗ್ಗಿ ಹೇಳು ಅಂದೆ. ಫೋನಿಟ್ಟ.”

ನಕ್ಕೆ. ನಗು ಬಾಯಲ್ಲಿರುವಾಗಲೇ ಇನ್ನೊಂದು ಕರೆ. ಸಣ್ಣ ಮಗುವಿನ ತಾಯಿ, ಬಿಕ್ಕುತ್ತಿದ್ದಳು. ಫೋನ್ ಮಾಡಿದವನು ಮಗುವಿನ ಚುಚ್ಚುಮದ್ದಿನ ದಿನವನ್ನು ಸರಿಯಾಗಿ ಹೇಳಿದನೆಂದು ಗಂಡ ಆ ಕೋಡ್ ಕೊಟ್ಟಿದ್ದನಂತೆ. ಈಗ ಅವನ ಫೋನಿನೊಳಗಿನ ಖಾತೆಗಳೆಲ್ಲ ಇನ್ಯಾರದೋ ಕೈಯಲ್ಲಿ, ಮಗುವಿನ ಫೋಟೋಗಳೂ ಸೇರಿ. “ನಿಮ್ಮನ್ನ ನಂಬಿ ಕೊಟ್ವಿ ಮೇಡಂ” ಎಂದಳು.

ಗುರುವಾರದ ಸರದಿ, ಚುಚ್ಚುಮದ್ದಿನ ದಿನ, ಎರಡನ್ನೂ ಪುಟದಲ್ಲಿ ಬರೆದುಕೊಂಡವಳು ನಾನು. ಗೊಂಚಲನ್ನು ಕರೆದೆ. ಅವನು ನನ್ನ ಕಂಪ್ಯೂಟರಿನ ಮುಂದೆ ಬಗ್ಗಿ ಬಹಳ ಹೊತ್ತು ಏನೇನೋ ತಡಕಾಡಿದ. ಕೀಲಿಗಳು ಒಮ್ಮೆಯೂ ಜಣ ಅನ್ನಲಿಲ್ಲ.

“ಅಕ್ಕಾ, ಬಿಡುವಿದ್ದಾಗ ಹಾಡು ಕೇಳ್ತೀರಲ್ಲ, ಆ ಪುಟದಲ್ಲಿ ಒಂದು ಜಾಹೀರಾತಿದೆ. ಅದು ಪಕ್ಕದ ಪುಟ ಓದ್ಕೊಂಡು ಹೋಗಿದೆ. ಇಡೀ ಆಸ್ಪತ್ರೇಲಿ ತಾತ ಉಳಿದಿರೋದು ನಿಮ್ಮಲ್ಲಿ ಮಾತ್ರ.”

“ನನಗೆ ಪಾಪ ಅಂತ ಹೋಗಿ ಊರವರ ಮನೆ ಬಾಗಿಲು ತೆಗೆದಿಟ್ಯಲ್ಲೋ!” ಎಂದು ಕೂಗಿದೆ. “ತೆಗಿ ಇದನ್ನ.”

“ತೆಗೆದ್ರೆ ನಿಮ್ಮ ಕೆಲ್ಸ...”

“ನೀನು ತೆಗೀತೀಯೋ, ನಾನೇ ತೆಗೀಲೋ?”

ನಾನೇ ತೆಗೆದೆ. ನಿಜವಾಗಿಯೂ ತೆಗೆಯಬೇಕೆ ಎಂದು ಎಡಗಿವಿಯ ದನಿ ಕೇಳಿತು. ಹೌದು ಎಂದು ಒತ್ತಿದೆ. ದುಃಖವಾಯಿತು, ಇಲ್ಲವೆಂದರೆ ಸುಳ್ಳು. ಅದಕ್ಕಿಂತ ಹೆಚ್ಚಾಗಿ ಆ ತಾಯಿಯ ಬಿಕ್ಕು ಬಲಗಿವಿಯಿಂದ ಇಳಿಯುತ್ತಲೇ ಇರಲಿಲ್ಲ.

ವಿಷಯ ತಿಳಿದು ವ್ಯವಸ್ಥಾಪಕರು ಓಡಿ ಬಂದರು. ಕೆಮ್ಮಿದರು. “ತೆಗೆದದ್ದು ಒಳ್ಳೇದಾಯ್ತು. ಇದು ಹೊರಗೆ ಹೋಗೋದು ಬೇಡ. ಹಾಲಲ್ಲಿ ನಿಮ್ಮ ಕುರ್ಚಿ ರೆಡಿ ಇದೆ.”

ಒಂದೇ ಉಸಿರಲ್ಲಿ ತಿಪ್ಪೆ ಸಾರಿಸುವುದೂ ಆಯಿತು, ನನ್ನನ್ನು ಗುಡಿಸುವುದೂ ಆಯಿತು. ನಾನು ಏಳಲಿಲ್ಲ. “ನಾನು ತಾತ ಬೇಕು ಅಂತಿಲ್ಲ ಸರ್. ಮಾತಾಡೋ ಹೊಸದು ಕೊಡಿ ಅಂತಿದೀನಿ. ಅದು ಬರೋವರೆಗೂ ಈ ಕುರ್ಚಿ ನಂದು.”

“ಕೂತು ಏನ್ ಮಾಡ್ತೀರಿ? ಬುಕ್ ಮಾಡೋಕಾಗಲ್ವಲ್ಲ.”

“ಫೋನ್ ಎತ್ತೋಕಾಗುತ್ತೆ.”

ಆಪರೇಟರ್ ಕೈಯಲ್ಲಿ ಆಗದ ಕರೆಯನ್ನು ಮೇಲಧಿಕಾರಿಗೆ ದಾಟಿಸಬೇಕು. ಇದು ನಮ್ಮ ಆಸ್ಪತ್ರೆಯದೇ ನಿಯಮ, ನನಗೆ ಮೊದಲ ದಿನ ಕಲಿಸಿದ್ದು. ವ್ಯವಸ್ಥಾಪಕರು ಮೇಲೆ ಹೋಗಿ ಕೂರುವಷ್ಟರಲ್ಲಿ ಮೊದಲ ಕರೆ ಬಂತು. “ನಮಸ್ಕಾರ. ಆಸ್ಪತ್ರೆ ಹೆಸರಲ್ಲಿ ಯಾರಾದ್ರೂ ಫೋನ್ ಮಾಡಿ ಕೋಡ್ ಕೇಳಿದ್ರೆ ಖಂಡಿತ ಹೇಳ್ಬೇಡಿ, ನಮ್ಮ ಕಡೆಯಿಂದ ನಿಮ್ಮ ವಿವರ ಸೋರಿದೆ. ಈಗ ನಿಮಗೆ ಟೈಮ್ ಕೊಡೋದು ನಮ್ಮ ವ್ಯವಸ್ಥಾಪಕರು” ಎಂದು ದಾಟಿಸಿದೆ. ಎರಡನೆಯದನ್ನು ದಾಟಿಸಿದೆ. ಹಲ್ಲುನೋವು, ಗರ್ಭಿಣಿ, ಅಜ್ಜನ ಕಿವಿಯ ಮಿಷನ್ನು, ರಿಪೋರ್ಟು ಬಂತಾ, ಪಾರ್ಕಿಂಗ್ ಎಲ್ಲಿ, ಎಲ್ಲವೂ ಮೇಲಕ್ಕೆ. ಸ್ವಿಚ್‌ಬೋರ್ಡಿನ ಬಟನ್‌ಗಳಿಗೆ ಯಾರೂ ಹೆಸರು ಹೇಳಬೇಕಾಗಿಲ್ಲ, ಅವು ನನ್ನ ಬೆರಳಿಗೇ ಗೊತ್ತು.

ಮಧ್ಯಾಹ್ನದೊಳಗೆ ಅವರು ಮೂರು ಸಲ ಗೊಂಚಲನ್ನು ಕಳಿಸಿದರು. “ಅಕ್ಕಾ, ಸರ್ ಇನ್ನೂ ಊಟ ಮಾಡಿಲ್ಲ.”

“ಈ ಕರೆಗಳ ನಡುವೆ ನಾನೂ ಎಷ್ಟೋ ದಿನ ಮಾಡಿಲ್ಲ.”

ಕೊನೆಗೆ ಅವರೇ ಬಂದರು. ಈ ಸಲ ಕೆಮ್ಮಲಿಲ್ಲ, ಗಂಟಲು ಕಟ್ಟಿತ್ತು. “ನಿಲ್ಸಿ ಇದನ್ನ. ನಾನು ನಾಳೆ ನಿಮ್ಮ ಮೇಲೆ ಕ್ರಮ ತಗೋಬೇಕಾಗುತ್ತೆ.”

“ತಗೊಳ್ಳಿ. ಯಾವ ತಪ್ಪಿಗೆ ಅಂತ ಬರೀತೀರಿ? ಫೋನ್ ಎತ್ತಿದ್ದಕ್ಕಾ, ನಿಜ ಹೇಳಿದ್ದಕ್ಕಾ?”

ಫೋನ್ ಮತ್ತೆ ಹೊಡೆದುಕೊಂಡಿತು. ನಾನು ಎತ್ತಲು ಕೈ ಚಾಚಿದೆ. “ತಾಳಿ, ತಾಳಿ” ಎಂದು ಅವರು ಬೇಡಿಕೊಂಡರು. ಪುಟ ಕಟ್ಟಿದ ಕಂಪನಿಗೆ ಕರೆ ಹಚ್ಚಿ ಎಂದರು. ಹಚ್ಚಿಕೊಟ್ಟೆ. ಇಂಥ ಕಂಪನಿಗಳಲ್ಲಿ ಯಾರನ್ನು ಕೇಳಿದರೆ ಯಾರು ಸಿಗುತ್ತಾರೆಂದು ನನಗೆ ಯಾರೂ ಕಲಿಸಬೇಕಿಲ್ಲ. ತಿಂಗಳುಗಟ್ಟಲೆ ಎಂದಿದ್ದವರ ಮೇಲೆ ನಮ್ಮ ಸಾಹೇಬರು ಕಟ್ಟಿದ ಗಂಟಲಲ್ಲೇ ಕಿರುಚಾಡಿದರು. ಇಷ್ಟು ದಿನ ಅವರ ಬಾಯಲ್ಲಿ ಆ ಸಿಟ್ಟು ಎಲ್ಲಿತ್ತೋ!

ಆಮೇಲೆ ಸಿಕ್ಕವಳು ಪುಟ ಬರೆಯುವ ಒಬ್ಬ ಹುಡುಗಿ. “ಮೇಡಂ, ಒಂದೊಂದಾಗಿ ಹೆಸರು ಹಾಕ್ತೀನಿ, ನೀವು ಕೇಳಿ ಹೇಳಿ” ಎಂದಳು. ನಾನು ಕೀಲಿ ಒತ್ತಿದೆ. ಎಡಗಿವಿಯಲ್ಲಿ “ಬಟನ್” ಎಂದು ಬಂದುದು ಸ್ವಲ್ಪ ಹೊತ್ತಿಗೆ “ಹೊಸ ರೋಗಿ” ಎಂದಾಯಿತು. ಆಮೇಲೆ “ಡಾಕ್ಟರನ್ನು ಆರಿಸಿ” ಬಂತು. ಆಮೇಲೆ “ಸಮಯ ಬದಲಿಸಿ”. ಅಷ್ಟಕ್ಕೆ ಹುಡುಗಿ, ಉಳಿದದ್ದನ್ನು ನಾಳೆ ಮಾಡುವುದಾಗಿ ಹೇಳಿ ಫೋನಿಟ್ಟಳು.

ವ್ಯವಸ್ಥಾಪಕರು ಉಸ್ಸೆಂದರು. “ಸದ್ಯ! ಮುಖ್ಯವಾದವೆಲ್ಲ ಆಯ್ತಲ್ಲ. ಇನ್ಮೇಲೆ ನೀವೇ ನೋಡ್ಕೊಳ್ಳಿ.” ಲಿಫ್ಟು ಹತ್ತಿ ಮೇಲೆ ಹೋದರು.

ಫೋನ್ ಹೊಡೆದುಕೊಂಡಿತು. ಬಲಗಿವಿಯಲ್ಲಿ ಒಬ್ಬ ಗಂಡಸು. ಹೆಂಡತಿಗೆ ನೋವು ಕಡಿಮೆಯಾಗಿದೆ, ನಾಳೆಯ ಸರದಿ ರದ್ದು ಮಾಡಿ ಎಂದ. ಎಡಗಿವಿಯ ದನಿ ಕೇಳಿಕೊಂಡು ಕೀಲಿ ಒತ್ತುತ್ತಾ ಹೋದೆ. ಹೊಸ ರೋಗಿ. ಡಾಕ್ಟರನ್ನು ಆರಿಸಿ. ಸಮಯ ಬದಲಿಸಿ. ಬಟನ್. ಬಟನ್.

ಯಾವುದು ರದ್ದು ಎಂದು ಊಹಿಸಿ ಒತ್ತಬಹುದಿತ್ತು. ಒತ್ತಲಿಲ್ಲ.

“ಸಂತೋಷವಾಯ್ತು ಸರ್, ಒಂದು ನಿಮಿಷ ಇರಿ. ಈ ಕೆಲಸ ನಮ್ಮ ವ್ಯವಸ್ಥಾಪಕರೇ ಮಾಡ್ತಾರೆ” ಎಂದು ಕರೆಯನ್ನು ಮೇಲಕ್ಕೆ ದಾಟಿಸಿದೆ.