ಪೆಟ್ಟಿಗೆಯ ಬಾಯಿ ಹೊಲಿದ ಟೈಲರ್

ಸಮಸ್ತ ಬೀದಿಯವರ ಗಮನಕ್ಕೆ ತರುವುದೇನೆಂದರೆ, ಮೂಲೆಮನೆಯ ಟೈಲರ್ ಇಂದು ಬೆಳಿಗ್ಗೆಯಿಂದ ಜಾರಿಗೆ ಬರುವಂತೆ ಬಿಳಿ ಅಂಟಿನೊಡನೆ ಸಕಲ ನಂಟನ್ನೂ ಕಡಿದುಕೊಂಡಿದ್ದಾರೆ. ಡಬ್ಬಿಯನ್ನು ಕಿಟಕಿಯಿಂದಾಚೆ ಎಸೆದದ್ದೂ ಆಗಿದೆ. ಅದು ಯಾರ ತಲೆಯ ಮೇಲೂ ಬೀಳಲಿಲ್ಲ. ಬಿದ್ದಿದ್ದರೂ ಅಂಟುತ್ತಿರಲಿಲ್ಲ ಎಂಬುದೇ ಟೈಲರರ ದೂರು.

ಕಾರಣ, ಅವರು ಕೈಯಾರೆ ಮಾಡಿದ ಸ್ಪೀಕರ್ ಪೆಟ್ಟಿಗೆ. ಭಾನುವಾರ ಸಂಘದ ಸಭಾಂಗಣದಲ್ಲಿ ಮನೆಯಲ್ಲೇ ಮಾಡಿದ ಸ್ಪೀಕರುಗಳ ಸ್ಪರ್ಧೆ. ಗೆದ್ದ ಪೆಟ್ಟಿಗೆ ಸಭಾಂಗಣದಲ್ಲೇ ಉಳಿಯುತ್ತದೆ. "ಇಲ್ಲಿ ಹಿಡಿಯುತ್ತೆ, ಅಲ್ಲಿ ಜೋತು ಬೀಳುತ್ತೆ" ಎಂದು ಬೀದಿಯವರಿಂದೆಲ್ಲ ಬೈಸಿಕೊಂಡ ಮನುಷ್ಯನಿಗೆ, ತನ್ನ ಒಂದೇ ಒಂದು ಕೆಲಸದೆದುರು ಅವರೆಲ್ಲ ಬಾಯಿ ಮುಚ್ಚಿ ಕೂರುವುದನ್ನು ನೋಡಬೇಕಿತ್ತು.

ಆದರೆ ನಿನ್ನೆ ಸಂಜೆ ಪಂಕ್ಚರ್ ಅಂಗಡಿಯ ಭಾವಮೈದ ಬಂದು, ಹಾಡುತ್ತಿದ್ದ ಪೆಟ್ಟಿಗೆಯ ಮೂಲೆಗೆ ಮೇಣದಬತ್ತಿ ಹಿಡಿದಿದ್ದ. ಡ್ರಮ್ಮಿನ ಏಟು ಬಿದ್ದಾಗಲೆಲ್ಲ ಜ್ವಾಲೆ ತಲೆಬಾಗಿತ್ತು.

"ಭಾವ, ಪಂಕ್ಚರ್! ಸಂದಿಯಿಂದ ಗಾಳಿ ಹೋಗ್ತಾ ಇದೆ. ಇದು ಹಾಡ್ತಾ ಇಲ್ಲ, ಗೊರಕೆ ಹೊಡೀತಾ ಇದೆ."

"ಮೊದಲು ನಿನ್ನ ಬಾಯಿಗೆ ತೇಪೆ ಹಾಕ್ಕೋ!"

"ಭಾನುವಾರ ನನ್ನ ಪೆಟ್ಟಿಗೇನೂ ಬರ್ತಿದೆ ಭಾವ. ಅಲ್ಲೇ ಕೇಳಿ."

ಹೆಂಡತಿ ನಕ್ಕಳು. ತಮ್ಮನ ಮಾತಿಗೆ ನಕ್ಕದ್ದಲ್ಲ, ಗಂಡನ ಮುಖ ನೋಡಿ ನಕ್ಕದ್ದು ಎಂದು ಆಮೇಲೆ ವಿವರಣೆ ಕೊಟ್ಟಳು. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಡಬ್ಬಿ ಎಸೆದ ಕೈಯಲ್ಲೇ ಟೈಲರ್ ಹಾರ್ಡ್‌ವೇರ್ ಅಂಗಡಿಗೆ ನುಗ್ಗಿದರು.

"ಸಂದಿ ಮುಚ್ಚೋಕೆ ಏನಿದೆ?"

"ಬಾತ್‌ರೂಮಾ, ಅಡುಗೆಮನೆನಾ?" ಅಂಗಡಿಯವ ಕೇಳಿದ.

"ಸ್ಪೀಕರ್ ಪೆಟ್ಟಿಗೆ."

"ಅದರೊಳಗೆ ನೀರು ಬರುತ್ತಾ?"

"ನೀರಲ್ಲಾ ರೀ, ಗಾಳಿ! ಗಾಳಿ!"

ಅಂಗಡಿಯವ ಸಿಲಿಕೋನ್ ಟ್ಯೂಬೊಂದರ ಮೂತಿ ಬಿಚ್ಚಿ ಹಿಡಿದ. ವಿನೆಗರಿನ ಘಾಟು ಮೂಗಿಗೆ ಬಡಿಯಿತು.

"ಈ ಹುಳಿಗೆ ಒಳಗಿನ ತಾಮ್ರದ ತಂತಿ ಹಸಿರಾಗುತ್ತೆ ಕಣ್ರೀ! ಹುಳಿ ಹಿಂಡೋಕೆ ನಮ್ಮ ಭಾವಮೈದ ಒಬ್ಬನೇ ಸಾಕು."

"ಹಾಗಾದ್ರೆ ಘಾಟಿಲ್ಲದ್ದು ತಗೊಳ್ಳಿ, ಒಳಗಿನ ಸಂದಿಗೆ ಬಳೀರಿ. ಸ್ಪೀಕರ್ ಕೂರಿಸೋ ಅಂಚಿಗೆ ಮಾತ್ರ ಈ ಸ್ಪಂಜಿನ ಪಟ್ಟಿ ಹಾಕಿ ಸ್ಕ್ರೂ ಬಿಗೀರಿ. ಬೇಕಾದಾಗ ಬಿಚ್ಚಬಹುದು."

ಬಿಚ್ಚಬಹುದು! ಆ ಮಾತು ಕಿವಿಗೆ ಬಿದ್ದದ್ದೇ ಟೈಲರರ ಪಿತ್ತ ನೆತ್ತಿಗೇರಿತು. ಸೊಂಟ ಬಿಚ್ಚಿ ಸಡಿಲ ಮಾಡಿ, ತೋಳು ಬಿಚ್ಚಿ ಗಿಡ್ಡ ಮಾಡಿ, ಸುಮ್ಮನೆ ಒಂದ್ಸಲ ಬಿಚ್ಚಿ ನೋಡೋಣ... ಬದುಕಿನಲ್ಲಿ ಅವರು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

"ಬಿಚ್ಚಿ ಬಿಚ್ಚಿ ಸಾಕಾಗಿದೆ! ಯಾರಪ್ಪನ ಕೈಲೂ ಬಿಚ್ಚೋಕಾಗದ್ದು ಕೊಡ್ರೀ!"

ಅಂಗಡಿಯವ ಕಾರಿನ ಮುಂದಿನ ಗಾಜು ಕೂರಿಸುವ ಕಪ್ಪು ಅಂಟು ಕೊಟ್ಟ. "ಕಾರು ಗುಜರಿಗೆ ಹೋದ್ರೂ ಇದು ಬಿಡಲ್ಲ."

ಟೈಲರ್ ಹಲ್ಲು ಕಚ್ಚಿಕೊಂಡು ಬಳಿದರು. ಮೂಲೆಗಳಿಗೆ ಬಳಿದರು, ಹಿಂದಿನ ಹಲಗೆಗೆ ಬಳಿದರು, ಸ್ಪೀಕರಿನ ಅಂಚಿಗೂ ಬಳಿದರು. ಸ್ಕ್ರೂ ಕಿತ್ತೆಸೆದು ಅದರ ತೂತಿಗೂ ಅಂಟು ತುಂಬಿದರು. ಒಣಗಿದ ಮೇಲೆ ಮೂಲೆಗೆ ಮೇಣದಬತ್ತಿ ಹಿಡಿದರೆ ಜ್ವಾಲೆ ಮಿಸುಕಲಿಲ್ಲ.

ಭಾನುವಾರ ಪೆಟ್ಟಿಗೆ ಹಾಡಿತು. ಸಭಾಂಗಣದಲ್ಲಿ ಕೆಮ್ಮು ಕೂಡ ನಿಂತುಹೋಯಿತು. ಭಾವಮೈದನ ಬಾಯಿ ತೆರೆದದ್ದು ತೆರೆದೇ ಇತ್ತು. ತೀರ್ಪುಗಾರ, ರೇಡಿಯೊ ರಿಪೇರಿಯ ಅಜ್ಜ, ಎದ್ದು ಬಂದು ಕೈಕುಲುಕಿದ.

"ಭೇಷ್! ಇಂಥದ್ದು ಕೇಳೇ ಇಲ್ಲ. ಈಗ ಬಿಚ್ಚಿ ತೋರಿಸಿ."

"ಏನು?"

"ಒಳಗಡೆ ನೋಡ್ಬೇಕು. ನಿಯಮ. ರೆಡಿಮೇಡ್ ತಂದು ಒಳಗಿಟ್ಟಿರಬಾರದಲ್ಲ."

"ರೆಡಿಮೇಡಾ? ನನ್ನ ಹತ್ರ ಬಂದು ರೆಡಿಮೇಡ್ ಅಂತೀರಾ?" ಟೈಲರರ ಕೂಗಿಗೆ ಹಿಂದಿನ ಸಾಲಿನವರೂ ಎದ್ದು ನಿಂತರು. "ಬಿಚ್ಚೋಕಾಗಲ್ಲ ರೀ!"

"ಒಳಗೆ ನೋಡದೆ ಸ್ಪೀಕರ್ ಅಂತ ಒಪ್ಪೋ ಹಾಗಿಲ್ಲ. ನಿಯಮದ ಪ್ರಕಾರ ಇದು ಬರೀ ಪೆಟ್ಟಿಗೆ."

"ಈಗ ತಾನೇ ಹಾಡ್ತಲ್ಲ! ನಿಮಗೆ ಕಿವಿ ಇದೆಯೋ ಇಲ್ವೋ?"

"ಇದೆಯಪ್ಪ. ನಿಯಮ ಕಣ್ಣಲ್ಲಿ ನೋಡು ಅನ್ನುತ್ತೆ."

ಭಾವಮೈದ ಸ್ಕ್ರೂ ತಿರುಗಿಸಿ ತನ್ನದನ್ನು ಬಿಚ್ಚಿ ತೋರಿಸಿ, ಗೆದ್ದ. ಆದರೆ ಅವನ ಪೆಟ್ಟಿಗೆ ಗಿಡ್ಡ. ನೆಲದ ಮೇಲಿಟ್ಟರೆ ಹಿಂದಿನ ಸಾಲಿಗೆ ಕೇಳಿಸದು. ಅಜ್ಜ ಸುತ್ತ ಕಣ್ಣಾಡಿಸಿ ಟೈಲರರ ಪೆಟ್ಟಿಗೆಯನ್ನು ಎಳೆದು ತಂದ. ಅದರ ನೆತ್ತಿಯ ಮೇಲೆ ಗೆದ್ದ ಪೆಟ್ಟಿಗೆಯನ್ನು ಕೂರಿಸಿದ.

"ಭಾವ," ಎಂದು ಭಾವಮೈದ ಅಲುಗಿಸಿ ನೋಡಿದ, "ಸ್ಟೂಲ್ ಮಾತ್ರ ಬಲು ಗಟ್ಟಿ ಬಿಡಿ!"