ಎರಡು ಸೀಸೆ ನೀರು

ನನ್ನ ಅಕ್ಕ ಮರುಳಸಿದ್ದಮ್ಮ ಊರನ್ನು ಅಳೆಯುತ್ತಿದ್ದದ್ದು ತೊಗರಿಬೇಳೆಯಿಂದ. ಬೇಳೆ ಬೇಯದ ನೀರಿನ ಊರಿಗೆ ಹೆಣ್ಣು ಕೊಡಬಾರದು, ಅಲ್ಲಿ ಅಂಗಡಿ ಇಡಬಾರದು ಎನ್ನುತ್ತಿದ್ದಳು. ಗಂಡ ತೀರಿದ ಮೇಲೆ ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸಿ ನನ್ನನ್ನು ಇಂಟರ್‌ಮೀಡಿಯೆಟ್‌ವರೆಗೆ ಓದಿಸಿದವಳು ಅವಳು. ನಾನು ಎದುರಾಡುತ್ತಿರಲಿಲ್ಲ.

ಐವತ್ತೆಂಟರ ಬೇಸಿಗೆಯಲ್ಲಿ ಮಾಲೀಕರು ಆ ಕಟ್ಟಡ ಕೆಡವಿ ಹತ್ತಿಯ ಗೋದಾಮು ಕಟ್ಟಲು ಹೊರಟರು. ಪೇಟೆಯಲ್ಲಿ ಬೇರೆ ಜಾಗ ಸಿಗಲಿಲ್ಲ. ಅಕ್ಕನ ಕಣ್ಣು ಹರಿಹರದ ಮೇಲೆ. ಅಲ್ಲಿ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಮಕ್ತುಮ್ ಸಾಬರು ಒಂದು ತಗಡಿನ ಮನೆ ಬಾಡಿಗೆಗೆ ಕೊಡಲು ಒಪ್ಪಿದ್ದರು. ನನಗೂ ಕಾರ್ಖಾನೆಯಲ್ಲಿ ಗುಮಾಸ್ತನ ಕೆಲಸ ಸಿಗುವ ಹಾಗಿತ್ತು. ನನ್ನ ಕಣ್ಣು ಗದಗಿನ ಮೇಲೆ. ಅಲ್ಲಿಯ ಒಂದು ಮುದ್ರಣಾಲಯ ಕರಡು ತಿದ್ದಲು ನನ್ನನ್ನು ಕರೆದಿತ್ತು. ರಷ್ಯದ, ಫ್ರಾನ್ಸಿನ ಕಾದಂಬರಿಗಳು ಕನ್ನಡವಾಗಿ ಮೊದಲು ಬಂದು ಬೀಳುವುದು ಆ ಮೇಜಿನ ಮೇಲೆ. ನನಗೆ ಅಷ್ಟು ಸಾಕಾಗಿತ್ತು.

"ಎರಡೂ ಊರಿನ ನೀರು ತಗಂಬಾ, ಬೇಳೆ ಹೇಳ್ತೈತೆ," ಅಂದಳು ಅಕ್ಕ. ಎರಡು ಸೀಸೆ ತೊಳೆದು, ಗದಗಿನದಕ್ಕೆ ಕೆಂಪು ದಾರ, ಹರಿಹರದ್ದಕ್ಕೆ ಬಿಳಿ ದಾರ ಕಟ್ಟಿ ಕೊಟ್ಟಳು.

ಗದಗಿನಲ್ಲಿ ಮುದ್ರಣಾಲಯದ ಹಿಂದಿನ ಬಾವಿಯಿಂದ ಸೀಸೆ ತುಂಬಿಕೊಂಡು ಒಂದು ಗುಟುಕು ಕುಡಿದೆ. ಬೇಳೆ ಬೇಯದ ಸವುಳು. ಬರುವಾಗ ಹರಿಹರದಲ್ಲಿ ಇಳಿದು ಹೊಳೆಗೆ ಹೋದೆ. ಬಿಳಿ ದಾರದ ಸೀಸೆ ತುಂಬಿಕೊಂಡು ಹೊರಟವನು ಅರ್ಧ ದಾರಿಯಿಂದ ತಿರುಗಿ ಬಂದೆ. ಗದಗಿನ ನೀರನ್ನು ಹೊಳೆಗೆ ಸುರಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು. ಅವಳಿಗೆ ಏನೂ ಗೊತ್ತಾಗುವಂತಿರಲಿಲ್ಲ. ಆದರೂ ಅವಳು ತಲೆ ತಗ್ಗಿಸುವವರೆಗೆ ಕಾದು ಕೆಂಪು ದಾರದ ಸೀಸೆಯನ್ನು ಮುಳುಗಿಸಿದೆ.

ಎರಡು ಒಲೆ, ಎರಡು ಪಾತ್ರೆ, ಒಂದೇ ಅಳತೆಯ ಬೇಳೆ. ದಿನವೂ ಊಟಕ್ಕೆ ಬರುವ ದಲಾಲಿ ಅಂಗಡಿಯ ಬಕ್ಕೇಶಪ್ಪ ಬಾಗಿಲಲ್ಲಿ ನಿಂತು ನಕ್ಕರು.

"ಏನ್ರಿ ಅಕ್ಕಾರೆ, ಊರಿಗೇ ಹೆಣ್ಣು ನೋಡೋ ಶಾಸ್ತ್ರ ಮಾಡ್ತಿದ್ದೀರಲ್ಲ."

"ಹೆಣ್ಣಿನ ಕಡೇರು ಸುಳ್ಳು ಹೇಳ್ತಾರೆ ಬಕ್ಕೇಶಪ್ಪಾರೆ, ಬೇಳೆ ಹೇಳಲ್ಲ. ಕೂಡ್ರಿ."

ಎರಡೂ ಒಟ್ಟಿಗೇ ಬೆಂದವು. ಅಕ್ಕ ಒಂದೊಂದರಿಂದ ಒಂದೊಂದು ಬೇಳೆ ತೆಗೆದು ಬೆರಳಲ್ಲಿ ಹಿಸುಕಿದಳು, ಬೆಣ್ಣೆಯ ಹಾಗಿತ್ತು. ಗದಗಿನ ಪಾತ್ರೆಯಿಂದ ಇನ್ನೊಂದು ಬೇಳೆ ತೆಗೆದು ಮತ್ತೆ ಹಿಸುಕಿದಳು. ಹರಿಹರ ಗೆಲ್ಲಲೆಂದು ಅವಳು ಎಷ್ಟು ಆಸೆಪಟ್ಟಿದ್ದಳೆಂಬುದು ನನಗೆ ಕಂಡದ್ದು ಆಗಲೇ.

"ಎರಡೂ ಒಂದೇ ಆತು. ಇನ್ನ ನಂದೇನು ತಕರಾರು? ನಿನ್ನ ಪುಸ್ತಕದ ಊರಿಗೇ ಹೋಗಾನ ತಮ್ಮಾ. ಮಕ್ತುಮ್ ಸಾಬರಿಗೆ ಮನೆ ಬ್ಯಾಡ ಅಂತ ಹೇಳಿ ಕಳಿಸು."

ನಾನು ಹೇಳಿ ಕಳಿಸಲಿಲ್ಲ. ಯಾಕೆಂದು ಆಗ ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಮುಂದಿನ ಹದಿನೈದು ದಿನ ಅಕ್ಕ ಸಿಕ್ಕವರ ಮುಂದೆಲ್ಲ ಗದಗಿನ ನೀರನ್ನು ಹೊಗಳಿದಳು. ಬಕ್ಕೇಶಪ್ಪನವರ ಮಗಳಿಗೆ ಆ ಊರಿನಿಂದ ಒಂದು ಸಂಬಂಧ ಬಂದಿತ್ತು. "ಧೈರ್ಯವಾಗಿ ಕೊಡ್ರಿ, ನಾನೇ ನೋಡೀನಿ, ನೀರು ಛಲೋ ಐತೆ," ಅಂದಳು. ನಾನು ಸಾರಿನಲ್ಲಿ ರೊಟ್ಟಿ ಅದ್ದುತ್ತಾ ಕೂತಿದ್ದೆ.

ಪಾತ್ರೆಗಳನ್ನೆಲ್ಲ ಗೋಣಿಚೀಲಗಳಲ್ಲಿ ಕಟ್ಟಿಕೊಂಡು ಗದಗಿಗೆಂದು ರೈಲು ಹತ್ತಿದೆವು. ಹರಿಹರದಲ್ಲಿ ಇಂಜಿನ್ನಿಗೆ ನೀರು ತುಂಬಲು ಗಾಡಿ ನಿಂತಿತು. ಅಕ್ಕ ತಂಬಿಗೆ ಚಾಚಿದಳು. "ಹೊಳೆ ನೀರು ಕೊನೇ ಸಲ ಕುಡಿಯಾನ, ತುಂಬ್ಕಂಬಾ."

ನಲ್ಲಿಯಿಂದ ತುಂಬಿ ತಂದೆ. ಒಳಗೆ ಹತ್ತಲಾಗಲಿಲ್ಲ. ಕಿಟಕಿಯ ಹೊರಗೇ ನಿಂತು ಹೇಳಿದೆ: "ಅಕ್ಕ, ಆವತ್ತು ಎರಡೂ ಸೀಸೆಯೊಳಗಿದ್ದದ್ದು ಇದೇ ನೀರು. ಗದಗಿಂದು ಸವುಳು. ನಾನೇ ಚೆಲ್ಲಿದೆ."

ಅವಳು ತಂಬಿಗೆ ಇಸಿದುಕೊಂಡು ಪೂರ್ತಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಎದ್ದು ಗೋಣಿಚೀಲವನ್ನು ಬಾಗಿಲಿಗೆ ಎಳೆದಳು.

"ಹಿಡಿ."

ಹಂಡೆ, ಕೊಡ, ರೊಟ್ಟಿಯ ಹಂಚು, ಎಲ್ಲವನ್ನೂ ಇಳಿಸಿಕೊಂಡೆ. ಕೊನೆಗೆ ಅವಳು ಇಳಿದಳು.

"ಮಕ್ತುಮ್ ಸಾಬರಿಗೆ ನಾನು ಏನೂ ಹೇಳಿಲ್ಲ. ಮನೆ ಹಂಗೇ ಐತೆ," ಅಂದೆ.

"ಅದೊಂದು ಪುಣ್ಯ ಕಟ್ಕಂಡೆ."

"ನನ್ನ ಟ್ರಂಕೂ ಇಳಿಸ್ತೀನಿ."

"ಬ್ಯಾಡ. ನಾಳೆ ಬರ್ತೀನಿ ಅಂತ ಪ್ರೆಸ್ಸಿನೋರಿಗೆ ಬರದೀಯ, ಹೋಗು. ಹೋದವನೇ ಮೊದ್ಲು ಬಕ್ಕೇಶಪ್ಪಾರಿಗೆ ಕಾಗದ ಹಾಕು. ನನ್ನ ಮಾತು ನಂಬಿ ಮಗಳ್ನ ಕೊಡಾಕ ಹೊಂಟಾರೆ." ಹಂಡೆಯ ಬಾಯಿಗೆ ಗೋಣಿ ಬಿಗಿಯುತ್ತಾ, ನನ್ನ ಕಡೆ ನೋಡದೆ ಅಂದಳು: "ಸವುಳು ನೀರಿಗೆ ಚಿಟಿಕೆ ಸೋಡಾ ಹಾಕಿದ್ರೆ ಬೇಳೆ ಬೇಯ್ತೈತೆ. ರುಚಿ ಕೆಡ್ತೈತೆ, ಆದ್ರೂ ಬೇಯ್ತೈತೆ. ನಿನ್ನ ಸಲುವಾಗಿ ಅಷ್ಟು ಮಾಡ್ತಿರಲಿಲ್ವಾ ನಾನು? ಬಾಯಿ ಬಿಟ್ಟು ಹೇಳಿದ್ರೆ ಬರ್ತಿದ್ದೆ."

ಇಂಜಿನ್ ಕೂಗಿತು. ನಾನು ಹತ್ತಿದೆ. ಗಾಡಿ ನಿಧಾನಕ್ಕೆ ಹೊರಟಿತು. ಅಕ್ಕ ಆಗಲೇ ಹಮಾಲನೊಬ್ಬನನ್ನು ಕರೆದು ಹಂಡೆ ತೋರಿಸುತ್ತಿದ್ದಳು. ಸೇತುವೆ ಬರುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಇಳಿಯಬಹುದಾಗಿತ್ತು, ಗಾಡಿ ಅಷ್ಟು ನಿಧಾನವಾಗಿತ್ತು.