ಕುಟ್ಟು ಹಿಟ್ಟಿನ ಮುದ್ದೆ

ರೊಟ್ಟಿಯನ್ನೇ ತಟ್ಟಿಸಿಬಿಡಬಹುದಿತ್ತೇ? ಬಂದವರು ಏನಂದುಕೊಳ್ಳುತ್ತಿದ್ದರೋ ಏನೋ. ಇಲ್ಲ, ಮುದ್ದೆಯೇ ಸರಿ. ಆದರೆ ಈ ವಾಸನೆ? ಒಲೆಯ ಮೇಲಿನ ಮಡಕೆಯ ಹಬೆ ಮೂಗಿಗೆ ಬಡಿದಾಗ ಚಾಮಯ್ಯನಿಗೆ ಮಳೆಯಲ್ಲಿ ನೆಂದ ಗೋಣಿಚೀಲವನ್ನು ಬೇಯಿಸಿದಂತೆ ಅನ್ನಿಸಿತು.

ಯುದ್ಧದ ಕಾಲ. ಕಂಪಲಾಪುರದಲ್ಲಿ ಬೆಳೆದ ರಾಗಿಯಲ್ಲಿ ಮುಕ್ಕಾಲು ಪಾಲು ಸರ್ಕಾರದ ಕಡ್ಡಾಯ ಲೆವಿಗೆ ಹೋಗಿ, ಚಾಮಯ್ಯನ ಮನೆಯಲ್ಲಿ ಕಾಳು ತುಂಬಿಡುವ ವಾಡೆ ಬರಿದಾಗಿತ್ತು. ರೇಷನ್ ಡಿಪೋದಲ್ಲಿ ಸಿಕ್ಕಿದ್ದು ಬಡಗಲ ಬೆಟ್ಟಗಳ ಕಡೆಯಿಂದ ಬಂದ ಕುಟ್ಟು ಎಂಬ ಕಾಳಿನ ಬೂದುಗಪ್ಪು ಹಿಟ್ಟು. ಅಳೆದುಕೊಟ್ಟ ಗುಮಾಸ್ತ ಹೇಳಿದ್ದ: "ಅಲ್ಲಿಯೋರು ಉಪವಾಸದ ದಿನ ಇದ್ರ ರೊಟ್ಟೀನೇ ತಿಂತಾರೆ ಕಣಯ್ಯ. ಮೈಗೆ ಕಸುವು. ಮುದ್ದೆಗೆ ಮಾತ್ರ ಆಗಾಕಿಲ್ಲ."

ತಂಗಿ ರಾಚಮ್ಮ ಬೆಳಿಗ್ಗೆಯೇ ಅದನ್ನು ನೆನಪಿಸಿದ್ದಳು. "ಅಣ್ಣ, ತೆಳ್ಳಗೆ ರೊಟ್ಟಿ ತಟ್ತೀನಿ. ನೆನ್ನೆ ಒಂದು ತಿಂದು ನೋಡ್ದೆ, ಚೆಂದಾಗದೆ. ಸಂಜೆಗಂಟ ಹಸಿವೇ ಆಗ್ಲಿಲ್ಲ."

"ಹೆಣ್ಣು ನೋಡೋಕೆ ಬಂದೋರ್ಗೆ ರೊಟ್ಟಿ ಇಕ್ಕಿ, ಮನೇಲಿ ರಾಗಿ ಇಲ್ಲ ಅಂತ ಸಾರ್ಬೇಕಾ? ಬಣ್ಣ ರಾಗಿ ತರಾನೇ ಅದೆ. ಮುದ್ದೇನೇ ತೊಳ್ಸು, ಬುಡು."

ಹುಡುಗಿ ತಿರುವಿದ ಮುದ್ದೆ ಉಂಡು ಅವಳ ಕೈ ನೋಡುವುದು ಆ ಕಡೆಯ ಪದ್ಧತಿ. ಬೆಟ್ಟದಪುರದ ಸೋಮಯ್ಯ, ಅವನ ಹೆಂಡತಿ ಪುಟ್ಟಮಲ್ಲಮ್ಮ ತಮ್ಮ ಮಗನಿಗೆ ಹೆಣ್ಣು ನೋಡಲು ಬಂದು ನಡುಮನೆಯಲ್ಲಿ ಚಾಮಯ್ಯನ ಜೊತೆ ಊಟಕ್ಕೆ ಕೂತರು. ರಾಚಮ್ಮ ಬಡಿಸಿ ಬಾಗಿಲ ಮರೆಗೆ ಸರಿದಳು. ಎಲೆಯ ಮೇಲೆ ಮುದ್ದೆ ನಿಲ್ಲಲಿಲ್ಲ. ಮೆಲ್ಲಗೆ ಚಪ್ಪಟೆಯಾಗಿ, ಗೊಣ್ಣೆಯಂತೆ ಹೊಳೆಯುತ್ತ ಕೋಳಿ ಸಾರಿನೊಳಕ್ಕೆ ಜಾರಿತು.

ಸೋಮಯ್ಯ ಒಂದು ತುತ್ತು ಮುರಿದ. ಬೆರಳಿಗೂ ಎಲೆಗೂ ನಡುವೆ ಎಳೆ ಜಗ್ಗಿತು. ಮುದ್ದೆಯನ್ನು ಅಗಿಯುವವರುಂಟೇ? ನುಂಗಲು ಹೋದ. ಅದು ಅಂಗುಳಕ್ಕೆ ಮೆತ್ತಿಕೊಂಡಿತು. ಎರಡು ಬೆರಳು ಬಾಯೊಳಗೆ ಹಾಕಿ ಕೆರೆದು, ಜೊಲ್ಲಿನ ಸಮೇತ ಹೊರಗೆಳೆದು, ಪಕ್ಕದ ಕಂಬಕ್ಕೆ ಒರೆಸಿದ.

"ಇದೇನ್ ಚಾಮಯ್ಯ, ಮುದ್ದೇನೋ ಅಂಟಿನುಂಡೇನೋ?"

ಪುಟ್ಟಮಲ್ಲಮ್ಮ ಸೆರಗಿಗೆ ಬಾಯಿ ಒತ್ತಿಕೊಂಡು ನಕ್ಕಳು. "ಅಂಟಿನುಂಡೆ ಬಾಣಂತೀರ್ಗೆ ಕಣ್ರೀ. ಹುಡುಗೀಗೆ ಮದ್ವೆಗ್ ಮುಂಚೇನೇ ಆತ್ರ!"

"ರಾಗಿ ಎಲ್ಲೀದು?" ಎಂದ ಸೋಮಯ್ಯ.

"ನಮ್ಮೊಲದ್ದೇ ಕಣ್ರೀ," ಎಂದುಬಿಟ್ಟ ಚಾಮಯ್ಯ. ಅಂದ ಮಾತಿಗೆ ಸಾಕ್ಷಿಯೆಂಬಂತೆ ತನ್ನ ಎಲೆಯ ತುತ್ತನ್ನು ಎತ್ತಿ ನುಂಗಿದ. ಕಹಿಯಾದ ಲೋಳೆ ಗಂಟಲಲ್ಲಿ ಸಿಕ್ಕಿಕೊಂಡು, ಇಳಿದು, ಮತ್ತೆ ಮೇಲೆ ಬಂತು. ಅದನ್ನೂ ನುಂಗಿದ. ಇನ್ನೊಂದು ತುತ್ತು. ಕಣ್ಣಲ್ಲಿ ನೀರಾಡಿತು. ಎದುರಿಗೆ ಕಂಬದ ಮೇಲೆ ಸೋಮಯ್ಯನ ಎಂಜಲು ನಿಧಾನವಾಗಿ ಇಳಿಯುತ್ತಿತ್ತು.

"ಅಂಗಾದ್ರೆ ರಾಗೀದೇನೂ ತಪ್ಪಿಲ್ಲ," ಸೋಮಯ್ಯ ಎಲೆ ಮಡಿಸಿದ. "ಹೆಣ್ಣಿನ ಕೈಯೇ ನೆಟ್ಟಗಿಲ್ಲ. ಮುದ್ದೆ ತೊಳ್ಸೋಕೆ ಬರ್ದೋಳ್ನ ಮನೆ ತುಂಬಿಸ್ಕೊಂಡು ನಾವೇನ್ ಮಾಡಾನ?"

ಬಾಗಿಲ ಮರೆಯಿಂದ ರಾಚಮ್ಮ ಅಣ್ಣನನ್ನೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಅವನ ಬಾಯಿಂದ ಬರಬೇಕಾದ ಮಾತಿಗೆ ಕಾದಿದ್ದಳು, ಅಷ್ಟೆ. ಚಾಮಯ್ಯ ಬಾಯಿ ತೆರೆದ. ಅಂಗುಳಕ್ಕೆ ಮೆತ್ತಿದ್ದನ್ನು ನಾಲಿಗೆಯಿಂದ ಬಿಡಿಸಿಕೊಂಡು ಮತ್ತೆ ಮುಚ್ಚಿದ. ರಾಗಿಯಿಲ್ಲದ ಮನೆ ಎನ್ನಿಸಿಕೊಳ್ಳುವುದಕ್ಕಿಂತ ಕೈ ನೆಟ್ಟಗಿಲ್ಲದ ತಂಗಿ ಇರುವ ಮನೆ ಎನ್ನಿಸಿಕೊಳ್ಳುವುದು ಅವನಿಗೆ ಹಗುರವಾಗಿ ಕಂಡಿತು. ಹಾಗೆ ಕಂಡಿತಲ್ಲ ಎಂದು ಆ ಹಿಟ್ಟಿಗಿಂತ, ಆ ಎಂಜಲಿಗಿಂತ ತನ್ನ ಮೇಲೆಯೇ ಹೇಸಿಗೆ ಉಕ್ಕಿತು. ಆದರೂ ಎದ್ದು, ಬಂದವರ ಕೈಗೆ ನೀರು ಹಾಕಿದ.

ಅವರು ಹೋದ ಮೇಲೆ ರಾಚಮ್ಮ ಮಡಕೆ ತಿಕ್ಕಿದಳು; ತಳದ ಅಂಟು ಬಿಡಲಿಲ್ಲ. ಕಂಬವನ್ನು ಒರೆಸಿದವಳೂ ಅವಳೇ. ಮುದ್ದೆ ತಿರುವಲು ಬಾರದ ಹುಡುಗಿ ಎಂಬ ಮಾತು ಆ ವಾರದ ಸಂತೆಯಲ್ಲೇ ಊರೂರಿಗೆ ಹೋಯಿತು. ಮತ್ತೆ ಯಾರೂ ಹೆಣ್ಣು ಕೇಳಿಕೊಂಡು ಬರಲಿಲ್ಲ.

ಅದು ರಾಗಿಯಲ್ಲ, ಅವಳು ಬೇಡವೆಂದರೂ ನಾನೇ ಮಾಡಿಸಿದೆ ಎಂದು ಚಾಮಯ್ಯ ಯಾರಿಗೂ ಹೇಳಲಿಲ್ಲ.